ಮನೆಯೊಳಗಿನ ಎಲೆಗಿಡ: ನಿಮ್ಮ ಕಿಟಕಿಗೆ ಯಾವುದು, ನಿಮ್ಮ ಕೈಗೆ ಯಾವುದು?

ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲೇ ಬೇರೆ ಬಡಾವಣೆಯ ಬಾಡಿಗೆ ಮನೆಗೆ ಬಂದಳು. ಮೂರನೇ ಮಹಡಿ, ಎರಡು ಬೆಡ್‌ರೂಮು. ಹಾಲು ಉಕ್ಕಿಸಿದ ಮರುವಾರವೇ ನರ್ಸರಿಗೆ ಹೋಗಿ, ಅಲ್ಲಿಂದಲೇ ಐದು ಗಿಡಗಳ ಫೋಟೊ ಕಳಿಸಿ ಫೋನ್ ಮಾಡಿದಳು. "ಅಕ್ಕಾ, ಎಲ್ಲಾನೂ ಮನೆ ಒಳಗೆ ಇಡೋ ಗಿಡಾನೇ ಅಂತೆ. ಯಾವುದು ತಗೊಳ್ಳಲಿ?" ಫೋಟೊದಲ್ಲಿ ಇದ್ದದ್ದು ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಝೀಝೀ, ಪೀಸ್ ಲಿಲಿ, ಕ್ಯಾಲಥಿಯಾ.

ನಾನು ಮೂರು ಪ್ರಶ್ನೆ ಕೇಳಿದೆ. ಕಿಟಕಿ ಯಾವ ದಿಕ್ಕಿಗಿದೆ? ನೀರು ಹಾಕುವವರು ಯಾರು? ಎರಡು ವರ್ಷದ ನಿನ್ನ ಮಗ ಸಿಕ್ಕಿದ್ದನ್ನು ಬಾಯಿಗೆ ಹಾಕುವುದು ಬಿಟ್ಟಿದ್ದಾನಾ? ಅವಳು ಎಲೆಯ ಬಣ್ಣ ನೋಡುತ್ತಿದ್ದಳು, ನಾನು ಅವಳ ಮನೆ ನೋಡುತ್ತಿದ್ದೆ. ಹನ್ನೆರಡು ವರ್ಷ ಮನೆಯೊಳಗೆ ಗಿಡ ಸಾಕಿ ನಾನು ಕಂಡುಕೊಂಡದ್ದು ಇಷ್ಟೇ: ಚೆಂದದ ಗಿಡ ಆರಿಸಿ ಆಮೇಲೆ ಜಾಗ ಹುಡುಕಿದರೆ ಸೋಲು ಖಚಿತ. ಜಾಗ ಮೊದಲು, ನೀರು ಹಾಕುವ ಕೈ ಎರಡನೆಯದು, ಗಿಡ ಆಮೇಲೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಕಿಟಕಿ

"ನೆರಳಲ್ಲಿ ಬರೋ ಗಿಡ" ಎಂದು ನರ್ಸರಿಯವರು ಹೇಳುವ ನೆರಳು ಬೇರೆ, ನಮ್ಮ ಮನೆಯ ನೆರಳು ಬೇರೆ. ಅವರದು ಹಸಿರು ಬಲೆಯ ಕೆಳಗಿನ ನೆರಳು. ಅಲ್ಲಿ ತಲೆಯ ಮೇಲೆಲ್ಲ ಆಕಾಶವಿರುತ್ತದೆ. ಬೆಳಕನ್ನು ಅಳೆಯುವುದು ಲಕ್ಸ್ ಎಂಬ ಮಾನದಲ್ಲಿ. ಬಟ್ಟಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಬಲೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಡೆದರೂ ಹತ್ತಾರು ಸಾವಿರ ಉಳಿಯುತ್ತದೆ. ನಮ್ಮ ಮನೆಯಲ್ಲಿ ಕಿಟಕಿಯಿಂದ ಹತ್ತಡಿ ಒಳಗೆ, ಟಿವಿ ಪಕ್ಕದಲ್ಲಿ, ಅದು ಕೆಲವು ನೂರಕ್ಕೆ ಇಳಿದಿರುತ್ತದೆ. ನಮ್ಮ ಕಣ್ಣು ತಾನೇ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ.

ಅಳೆಯಲು ಯಂತ್ರ ಬೇಡ. ಮಧ್ಯಾಹ್ನ ದೀಪ ಆರಿಸಿ, ಗಿಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಒಂದಡಿ ಮೇಲೆ ಅಂಗೈ ಹಿಡಿಯಿರಿ. ಬೆರಳು ಬೆರಳಾಗಿ ನೆರಳು ಬಿದ್ದರೆ ಒಳ್ಳೆಯ ಬೆಳಕು. ಮಸುಕು ಮಸುಕಾಗಿ ಕೈಯ ಆಕಾರ ಕಂಡರೆ ಮಧ್ಯಮ. ನೆರಳೇ ಕಾಣದಿದ್ದರೆ ಅಲ್ಲಿ ಯಾವ ಗಿಡವೂ ಬೆಳೆಯುವುದಿಲ್ಲ. ಕೆಲವು ನಿಧಾನವಾಗಿ ಸಾಯುತ್ತವೆ, ಅಷ್ಟೇ ವ್ಯತ್ಯಾಸ.

ದಿಕ್ಕಿನ ವಿಚಾರದಲ್ಲಿ ಒಂದು ಎಚ್ಚರ. ಅಮೆರಿಕ, ಇಂಗ್ಲೆಂಡಿನವರ ವಿಡಿಯೊಗಳಲ್ಲಿ "ದಕ್ಷಿಣದ ಕಿಟಕಿಗೆ ಹೆಚ್ಚು ಬಿಸಿಲು, ಉತ್ತರದ ಕಿಟಕಿಗೆ ಬಿಸಿಲೇ ಇಲ್ಲ" ಎನ್ನುತ್ತಾರೆ. ಅವರ ಊರಿಗೆ ಅದು ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿಗೆ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲಾ ಮಕ್ಕಳಿಗೆ ಕಂಬ ನೆಟ್ಟು ತೋರಿಸುತ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಮೇ, ಜೂನ್‌ನಲ್ಲಿ ಮೋಡವಿಲ್ಲದ ದಿನ ಬೆಳಗ್ಗೆ ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬರುತ್ತದೆ. ದಕ್ಷಿಣದ ಕಿಟಕಿಗೆ ನಿಜವಾದ ಬಿಸಿಲು ಡಿಸೆಂಬರ್, ಜನವರಿಯಲ್ಲಿ. ನಮ್ಮಲ್ಲಿ ಗಿಡ ಸುಡುವ ಕಿಟಕಿ ಪಶ್ಚಿಮದ್ದು, ಅದೂ ಮಾರ್ಚ್, ಏಪ್ರಿಲ್‌ನ ಮೂರು ಗಂಟೆಯ ಬಿಸಿಲು. ಪೂರ್ವದ ಕಿಟಕಿ ಸಿಕ್ಕಿದವರು ಪುಣ್ಯವಂತರು, ಈ ಐದರಲ್ಲಿ ಯಾವುದನ್ನಾದರೂ ಇಡಬಹುದು.

ನಗರದಲ್ಲಿ ದಿಕ್ಕಿಗಿಂತ ಪಕ್ಕದ ಕಟ್ಟಡ ಮುಖ್ಯ. ನನ್ನ ತಂಗಿಯ ಹಾಲ್‌ನ ಕಿಟಕಿ ಪೂರ್ವಕ್ಕೇ ಇದೆ, ಆದರೆ ನಾಲ್ಕು ಅಡಿ ಆಚೆಗೆ ಇನ್ನೊಂದು ಮನೆಯ ಗೋಡೆ. ಬೆಡ್‌ರೂಮಿನ ಕಿಟಕಿ ಪಶ್ಚಿಮಕ್ಕೆ, ಎದುರಿಗೆ ಖಾಲಿ ಸೈಟು. ಹಾಲ್ ಮಧ್ಯಮ, ಬೆಡ್‌ರೂಮು ಧಾರಾಳ.

ಎರಡನೆಯದು ನೀರು ಹಾಕುವ ಕೈ

ಮನೆಗಳಲ್ಲಿ ಎರಡು ತರಹದ ಕೈಗಳಿರುತ್ತವೆ. ಒಂದು ದಿನಾ ಬೆಳಗ್ಗೆ ತುಳಸಿಗೆ ಹಾಕಿ, ಉಳಿದ ಚೊಂಬಿನ ನೀರನ್ನು ಒಳಗಿನ ಕುಂಡಕ್ಕೂ ಹಾಕುವ ಕೈ. ಇನ್ನೊಂದು, ಹದಿನೈದು ದಿನ ಮರೆತು ಒಂದು ಭಾನುವಾರ ಬಕೆಟ್ ಹಿಡಿದು ಬರುವ ಕೈ. ಎರಡಕ್ಕೂ ಹೊಂದುವ ಗಿಡಗಳಿವೆ, ಆದರೆ ಅವು ಬೇರೆ ಬೇರೆ.

ನಾನು ಮೊದಲನೇ ಕೈಯವಳಾಗಿದ್ದೆ. ಝೀಝೀ ಗಿಡ ತಂದು ಆರು ತಿಂಗಳಿಗೆ ಅದರ ಕಾಂಡಗಳು ಒಂದೊಂದಾಗಿ ಹಳದಿಯಾಗಿ ಬುಡದಲ್ಲೇ ಬಾಗತೊಡಗಿದವು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಕೊನೆಗೆ ಕುಂಡ ಬೋರಲು ಹಾಕಿದಾಗ ಮುಚ್ಚಿಟ್ಟ ಚರಂಡಿಯ ವಾಸನೆ ಬಂತು. ಮೇಲಿನ ಎರಡು ಬೆರಳು ಮಣ್ಣು ಒಣಗಿತ್ತು, ನಡುವೆ ಮಾತ್ರ ತೆಂಗಿನ ನಾರಿನ ಪುಡಿ ಹಿಂಡಿದರೆ ನೀರು ಸೋರುವಷ್ಟು ಒದ್ದೆ. ಈ ಗಿಡಕ್ಕೆ ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆಗಳಿರುತ್ತವೆ, ಗಟ್ಟಿಯಾಗಿ, ತಿಳಿ ಕಂದು ಬಣ್ಣದಲ್ಲಿ. ನನ್ನ ಕೈಗೆ ಬಂದದ್ದು ಬೆಂದು ನುಣ್ಣಗಾದ ಸುವರ್ಣಗೆಡ್ಡೆಯ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ನಾಲ್ಕರಲ್ಲಿ ಒಂದು ಗೆಡ್ಡೆ ಮಾತ್ರ ಗಟ್ಟಿ ಇತ್ತು. ಅದನ್ನು ಬೇರೆ ನೆಟ್ಟೆ. ಇವತ್ತಿಗೂ ನನ್ನ ಮನೆಯಲ್ಲಿರುವ ಝೀಝೀ ಅದರದ್ದೇ.

ಬೇರು ಕೊಳೆತ ಗಿಡವೂ ಬಾಡುತ್ತದೆ, ಬಾಯಾರಿದ ಗಿಡವೂ ಬಾಡುತ್ತದೆ. ಹೊರಗಿನ ಚಹರೆ ನೋಡಿ ನೀರು ಹಾಕಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಚಿಕ್ಕ ಕುಂಡವಾದರೆ ಎತ್ತಿ ನೋಡುವುದು ಇನ್ನೂ ಒಳ್ಳೆಯದು. ನೀರು ಹಾಕಿದ ದಿನ ಎಷ್ಟು ಭಾರ, ಒಣಗಿದಾಗ ಎಷ್ಟು ಹಗುರ ಎನ್ನುವುದನ್ನು ಕೈ ಎರಡೇ ವಾರದಲ್ಲಿ ಕಲಿತುಬಿಡುತ್ತದೆ. ಬೆಳಕು ಕಡಿಮೆ ಇದ್ದಷ್ಟೂ ಗಿಡ ಕುಡಿಯುವುದು ಕಡಿಮೆ. ಜುಲೈನ ಮೋಡದಲ್ಲಿ ಮಾರ್ಚ್‌ನ ಲೆಕ್ಕ ಹಿಡಿದು ನೀರು ಹಾಕಿದರೆ ಮುಗಿಯಿತು.

ಈಗ ಗಿಡಗಳು

ಬೆಳಕು ಮಧ್ಯಮ, ನೀರು ಹಾಕುವ ಅಭ್ಯಾಸ ಅಷ್ಟಕ್ಕಷ್ಟೆ, ಮೊದಲ ಸಲ ಗಿಡ ತರುತ್ತಿದ್ದೀರಿ ಎಂದರೆ ನನ್ನ ಉತ್ತರ ಮನಿ ಪ್ಲಾಂಟ್. ಎಲ್ಲರ ಮನೆಯಲ್ಲೂ ಇದೆ ಎಂದು ಅದನ್ನು ಕಡೆಗಣಿಸುವವರಿದ್ದಾರೆ. ಎಲ್ಲರ ಮನೆಯಲ್ಲೂ ಬದುಕುವುದೇ ಅದರ ಗುಣ. ಅದರ ತವರು ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದ ಮೊಒರೆಯಾ ಎಂಬ ದ್ವೀಪ. ಹೂ ಬಿಡುವುದೇ ಅಪರೂಪ, ಆದರೂ ಬರೀ ತುಂಡುಗಳಿಂದಲೇ ಪ್ರಪಂಚ ಸುತ್ತಿದೆ. ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಬೇರು. ನೀರು ಬೇಕಾದಾಗ ಎಲೆ ಸ್ವಲ್ಪ ಮೆತ್ತಗಾಗಿ ತಾನೇ ಹೇಳುತ್ತದೆ. ಕುಂಡದಿಂದ ಇಳಿಬಿಟ್ಟರೆ ಎಲೆ ಸಣ್ಣದಾಗುತ್ತ ಹೋಗುತ್ತದೆ, ಮರಕ್ಕೋ ನಾರು ಸುತ್ತಿದ ಕಂಬಕ್ಕೋ ಹಬ್ಬಿಸಿದರೆ ದೊಡ್ಡದಾಗುತ್ತದೆ. ಮರ ಹತ್ತಿದ ಮನಿ ಪ್ಲಾಂಟಿನ ಎಲೆ ಮೊರದಷ್ಟು ಅಗಲವಾಗಿ ಸೀಳಿಕೊಂಡಿರುವುದನ್ನು ಮಲೆನಾಡು, ಕರಾವಳಿಯ ತೋಟಗಳಲ್ಲಿ ನೋಡಿರುತ್ತೀರಿ. ಅದು ಬೇರೆ ಗಿಡವಲ್ಲ. ಬಾಟಲಿಯ ನೀರಿನಲ್ಲಿ ಇಡುವವರು ವಾರಕ್ಕೊಮ್ಮೆ ನೀರು ಬದಲಿಸಲೇಬೇಕು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರ, ಹತ್ತು ದಿನ ಸಾಕು.

ಸ್ನೇಕ್ ಪ್ಲಾಂಟ್ ಮತ್ತು ಝೀಝೀ ನಡುವೆ ಜನ ಹೆಚ್ಚು ಗೊಂದಲ ಪಡುತ್ತಾರೆ. ಎರಡೂ ಆಫ್ರಿಕಾದವು, ಮೊದಲನೆಯದು ಪಶ್ಚಿಮದ ಕಡೆಯದು, ಎರಡನೆಯದು ಪೂರ್ವದ ಕಡೆಯದು. ಎರಡೂ ನೀರು ಕೂಡಿಟ್ಟುಕೊಳ್ಳುವ ಗಿಡಗಳು, ಒಂದು ದಪ್ಪ ಎಲೆಯಲ್ಲಿ, ಇನ್ನೊಂದು ಹೆಚ್ಚಾಗಿ ಗೆಡ್ಡೆಯಲ್ಲಿ. ಮರೆಯುವ ಕೈಗೆ ಎರಡೂ ಆಗುತ್ತವೆ. ವ್ಯತ್ಯಾಸ ಬೆಳಕಿನಲ್ಲಿ. ಸ್ನೇಕ್ ಪ್ಲಾಂಟ್ ಬಿಸಿಲನ್ನೂ ತಡೆಯುತ್ತದೆ, ಪಶ್ಚಿಮದ ಕಿಟಕಿಗೆ ನಿಶ್ಚಿಂತೆಯಿಂದ ಇಡಬಹುದು. ಝೀಝೀಗೆ ನೇರ ಬಿಸಿಲು ಬಿದ್ದರೆ ಎಲೆ ಸುಟ್ಟು ಕಲೆಯಾಗುತ್ತದೆ. ಮಸುಕು ನೆರಳಿನ ಮೂಲೆಯಲ್ಲಿ ಮಾತ್ರ ಹೊಳಪು ಕೆಡದೆ ನಿಲ್ಲುವುದರಲ್ಲಿ ಅದಕ್ಕೆ ಸಮನಾದದ್ದಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಹೊಸ ಕಾಂಡ ಬಂದರೆ ಅದೇ ಹೆಚ್ಚು, ಬೆಳವಣಿಗೆ ನೋಡಿ ಖುಷಿ ಪಡುವವರಿಗೆ ಅದು ಒಗ್ಗುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯ ಒಣ ಹವೆಗೆ ಈ ಐದರಲ್ಲಿ ನಾನು ಹೇಳುವುದು ಸ್ನೇಕ್ ಪ್ಲಾಂಟ್ ಒಂದನ್ನೇ.

ಅದು ರಾತ್ರಿ ಆಮ್ಲಜನಕ ಬಿಡುತ್ತದೆ, ಬೆಡ್‌ರೂಮಿಗೆ ಒಳ್ಳೆಯದು ಎಂಬ ಮಾತು ಎಲ್ಲ ಕಡೆ ಇದೆ. ನಡೆಯುವುದು ಬೇರೆ. ಒಣನಾಡಿನ ಗಿಡವಾದ್ದರಿಂದ ಹಗಲು ಬಾಯಿ ತೆರೆದರೆ ನೀರು ಆರಿಹೋಗುತ್ತದೆ. ಅದಕ್ಕೆ ಎಲೆಯ ರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರಿ ಇಟ್ಟುಕೊಂಡು, ಹಗಲು ಬೆಳಕು ಬಂದಾಗ ಅಡುಗೆ ಮಾಡಿಕೊಳ್ಳುತ್ತದೆ. ಆಮ್ಲಜನಕ ತಯಾರಾಗುವುದು ಬೆಳಕಿನಲ್ಲೇ. ಈ ಗುಣದಿಂದ ನಮಗಾಗುವ ಲಾಭವೆಂದರೆ ಮೂರು ವಾರ ಊರಿಗೆ ಹೋಗಿಬಂದರೂ ಗಿಡ ಹಾಗೇ ಇರುತ್ತದೆ ಎನ್ನುವುದು.

ಇನ್ನೊಂದು ವಿಷಯ, ಇದನ್ನು ತಿಳಿಯದೆ ಬಹಳ ಜನ ಬೇಸರಪಟ್ಟಿದ್ದಾರೆ. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆ ತುಂಡು ಮಾಡಿ ನೆಟ್ಟರೆ ಹುಟ್ಟುವ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಅಂಚು ಉಳಿಯಬೇಕಾದರೆ ಬುಡದ ಮರಿಯನ್ನೇ ಬೇರು ಸಮೇತ ಬೇರ್ಪಡಿಸಿ ನೆಡಬೇಕು.

ದಿನಾ ಚೊಂಬು ಹಿಡಿಯುವ ಕೈಗೆ ಪೀಸ್ ಲಿಲಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ನೆಲದ ಗಿಡ, ತೇವ ಅದಕ್ಕೆ ಇಷ್ಟ. ಒಣಗಿದರೆ ಇಡೀ ಗಿಡ ಸೋತು ಕುಂಡದ ಅಂಚಿಗೆ ಮಲಗಿಬಿಡುತ್ತದೆ. ನೀರು ಕೊಟ್ಟರೆ ಸಂಜೆಯೊಳಗೆ ಎದ್ದು ಕೂರುತ್ತದೆ. ನೀರು ಹಾಕುವುದನ್ನು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಗಿಡ ನಾನು ನೋಡಿಲ್ಲ. ಆದರೆ ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಇದರ ಬೇರೂ ಕೊಳೆಯುತ್ತದೆ. ನರ್ಸರಿಯಲ್ಲಿ ಏಳೆಂಟು ಬಿಳಿ ಹೂ ತುಂಬಿಕೊಂಡು ನಿಂತಿದ್ದನ್ನು ನೋಡಿ ಮಾರುಹೋಗಬೇಡಿ. ಗಿಡ ಬೆಳೆಸಿ ಮಾರುವವರು ಜಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು ಸಿಂಪಡಿಸಿ ಒಟ್ಟಿಗೆ ಹೂ ಬಿಡಿಸುವುದು ಸಾಮಾನ್ಯ ಪದ್ಧತಿ. ನಿಮ್ಮ ಹಾಲ್‌ನ ಬೆಳಕಿಗೆ ವರ್ಷಕ್ಕೆ ಒಂದೆರಡು ಬಂದರೆ ಸಂತೋಷ ಪಡಿ.

ಕ್ಯಾಲಥಿಯಾ ಐದರಲ್ಲಿ ಅತ್ಯಂತ ಸುಂದರ, ಅತ್ಯಂತ ಕಷ್ಟ. ರಾತ್ರಿ ಎಂಟಕ್ಕೆ ಅದರ ಎಲೆಗಳು ಕೈಮುಗಿದ ಹಾಗೆ ಮೇಲೆದ್ದು ನೇರಳೆ ಬೆನ್ನು ತೋರಿಸುವುದನ್ನು ಒಮ್ಮೆ ನೋಡಿದವರು ಅದನ್ನು ಕೊಳ್ಳದೆ ಇರಲಾರರು. ಎಲೆತೊಟ್ಟಿನ ತುದಿಯಲ್ಲಿ ಕೀಲಿನಂಥ ಒಂದು ಗಂಟಿದೆ, ಅದರ ಜೀವಕೋಶಗಳಿಗೆ ನೀರು ಹರಿದು ಇಳಿದು ಈ ಚಲನೆ ಆಗುತ್ತದೆ. ಅರಾರೂಟ್ ಗಿಡದ ಬಳಗ ಇದು. ತೇವದ ಗಾಳಿ ಬೇಕು, ಶೇ. 50ಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುವುದುಂಟು. ಆಗ ಎಲೆಯಂಚು ಸುಟ್ಟ ಕಾಗದದ ಹಾಗೆ ಸುರುಳಿಯಾಗುತ್ತದೆ. ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿದರೆ ಹತ್ತು ನಿಮಿಷದಲ್ಲಿ ಆರಿಹೋಗುತ್ತದೆ, ಅದರಿಂದ ಏನೂ ಆಗದು. ನಾಲ್ಕಾರು ಗಿಡ ಗುಂಪಾಗಿಟ್ಟರೆ ಅಥವಾ ಬೆಳಕಿರುವ ಬಚ್ಚಲಲ್ಲಿಟ್ಟರೆ ಸ್ವಲ್ಪ ಪ್ರಯೋಜನ. ಉಡುಪಿ, ಮಂಗಳೂರು, ಕಾರವಾರದವರಿಗೆ ಈ ಚಿಂತೆ ಕಡಿಮೆ. ಅಲ್ಲಿನ ಗಾಳಿಯೇ ಆ ಕೆಲಸ ಮಾಡುತ್ತದೆ.

ನೀರು ಎಂಥದ್ದು?

ಕ್ಯಾಲಥಿಯಾ ಕೊಳ್ಳುವ ಮೊದಲು ನಿಮ್ಮ ಬಕೆಟ್ ನೋಡಿ. ಒಳಗೆ ಬಿಳಿ ಪೊರೆ ಕಟ್ಟಿದ್ದರೆ ಬೋರ್ ನೀರು ಗಡಸು, ಈ ಗಿಡದ ಎಲೆಯಂಚು ಸುಡುವುದು ಗ್ಯಾರಂಟಿ. ನನ್ನ ಮೊದಲ ಕ್ಯಾಲಥಿಯಾ ಹೋದದ್ದು ಹೀಗೆ. ನೀರು ವ್ಯರ್ಥ ಮಾಡಬಾರದೆಂದು ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನೇ ಹಿಡಿದು ಹಾಕುತ್ತಿದ್ದೆ. ಎಷ್ಟೋ ಮನೆಗಳಲ್ಲಿ ಇದೇ ರೂಢಿ. ಯಂತ್ರ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಇರುವುದು ಆ ಹೊರಗೆ ಬಿಟ್ಟ ನೀರಿನಲ್ಲೇ. ಅದು ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಸರಿ, ಕುಂಡಕ್ಕಲ್ಲ. ಹೊರಗಿನ ನೆಲವಾದರೆ ಮಳೆ ಆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಒಳಗಿನ ಕುಂಡದಲ್ಲಿ ಅದು ಕೂಡುತ್ತಲೇ ಹೋಗುತ್ತದೆ. ಮಳೆನೀರು ಹಿಡಿದಿಟ್ಟರೆ ಅತ್ಯುತ್ತಮ, ಕಾವೇರಿ ನೀರು ಬರುವ ಮನೆಯವರಿಗೆ ಅದೂ ಪರವಾಗಿಲ್ಲ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಝೀಝೀ ಬೋರ್ ನೀರಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೂ ಎರಡು ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ತೂತಿನಿಂದ ಧಾರಾಳ ಹರಿದುಹೋಗುವಷ್ಟು ನೀರು ಸುರಿದರೆ ಕೂಡಿದ ಉಪ್ಪು ಇಳಿಯುತ್ತದೆ.

ಮಗು, ಬೆಕ್ಕು ಇರುವ ಮನೆ

ಪತ್ರೊಡೆಗೆ ಹುಣಸೆಹುಳಿ ಯಾಕೆ ಹಾಕುತ್ತೇವೆ? ಕೆಸುವಿನ ಎಲೆ ತುರಿಸದಿರಲಿ ಎಂದು. ಆ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಮನಿ ಪ್ಲಾಂಟ್, ಝೀಝೀ, ಪೀಸ್ ಲಿಲಿ, ಮಾನ್‌ಸ್ಟೆರಾ, ಡೀಫನ್‌ಬಾಕಿಯಾ ಎಲ್ಲ ಅದೇ ಕೆಸುವಿನ ಕುಟುಂಬದವು. ಮಗು ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಈ ಪೈಕಿ ಡೀಫನ್‌ಬಾಕಿಯಾ ಎಲ್ಲಕ್ಕಿಂತ ಕೆಟ್ಟದ್ದು, ಅಂಬೆಗಾಲಿಡುವ ಮಗುವಿರುವ ಮನೆಗೆ ಅದು ಬೇಡವೇ ಬೇಡ. ಉಳಿದವನ್ನು ಕೈಗೆಟುಕದ ಎತ್ತರದಲ್ಲಿಡಿ. ಕತ್ತರಿಸಿದಾಗ ಕೈಗೆ ರಸ ತಾಗಿದರೆ ಸೋಪು ಹಾಕಿ ತೊಳೆದುಕೊಳ್ಳಿ. ಸ್ನೇಕ್ ಪ್ಲಾಂಟ್ ಬೇರೆ ಕುಟುಂಬದ್ದು, ಆದರೂ ಬೆಕ್ಕು ತಿಂದರೆ ವಾಂತಿ ಮಾಡುತ್ತದೆ. ಐದರಲ್ಲಿ ಆತಂಕವಿಲ್ಲದ್ದು ಕ್ಯಾಲಥಿಯಾ. ಅದರ ಜೊತೆ ಅರೆಕಾ ಪಾಮ್ ಕೂಡ ನಿರಪಾಯ. ಹೆಸರು ಹಾಗಿದ್ದರೂ ಅದು ನಮ್ಮ ಅಡಿಕೆ ಮರವಲ್ಲ, ಮಡಗಾಸ್ಕರ್‌ನ ಪಾಮ್. ಕಿಟಕಿಯ ಪಕ್ಕದಲ್ಲೇ ಇಡಬೇಕು, ಮೂಲೆಗೆ ತಳ್ಳಿದರೆ ಗರಿ ಒಣಗುತ್ತ ಹೋಗುತ್ತದೆ.

ದೊಡ್ಡ ಗಿಡವೇ ಬೇಕು, ಬೆಳಕೂ ಚೆನ್ನಾಗಿದೆ ಎನ್ನುವವರಿಗೆ ರಬ್ಬರ್ ಗಿಡ ನೋಡಿ ಎನ್ನುತ್ತೇನೆ. ಕರಾವಳಿಯಲ್ಲಿ ಹಾಲು ತೆಗೆಯುವ ರಬ್ಬರ್ ಅಲ್ಲ ಇದು, ಆಲದ ಜಾತಿಗೆ ಸೇರಿದ್ದು. ಮೇಘಾಲಯದ ಖಾಸಿ ಜನ ಹಳ್ಳದ ಮೇಲೆ ಜೀವಂತ ಬೇರಿನ ಸೇತುವೆ ಹೆಣೆಯುವುದು ಇದರ ಬೇರಿನಿಂದಲೇ. ಮೇಲೆ ಹೇಳಿದ ವಿದೇಶಿ ಗಿಡಗಳ ನಡುವೆ ನಮ್ಮ ದೇಶದ್ದು ಇದೊಂದೇ.

"ಗಾಳಿ ಶುದ್ಧ ಮಾಡುತ್ತದೆ" ಎಂಬ ಕಾರಣಕ್ಕೆ ಮಾತ್ರ ಯಾವುದನ್ನೂ ಆರಿಸಬೇಡಿ. ಆ ಮಾತಿನ ಮೂಲ 1989ರ ನಾಸಾ ಅಧ್ಯಯನ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸಹಜವಾಗಿ ಗಾಳಿಯಾಡುವುದರಿಂದ ಆಗುವ ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಕಿಟಕಿ ತೆರೆಯಿರಿ, ಗಾಳಿ ಶುದ್ಧವಾಗುತ್ತದೆ. ಗಿಡವನ್ನು ಗಿಡದ ಪ್ರೀತಿಗೆ ಸಾಕಿ.

ನರ್ಸರಿಯಲ್ಲಿ

ಎಲೆಯನ್ನು ತಿರುಗಿಸಿ ಬೆನ್ನು ನೋಡಿ, ತೊಟ್ಟಿನ ಸಂದಿ ನೋಡಿ. ಹತ್ತಿಯ ಚೂರಿನಂತೆ ಬಿಳಿ ಇದ್ದರೆ ಹಿಟ್ಟು ತಿಗಣೆ. ಸಣ್ಣ ಜೇಡರ ಬಲೆಯಂತಿದ್ದರೆ ನುಸಿ. ಅಂಥದ್ದು ಮನೆಗೆ ಬಂದರೆ ಉಳಿದ ಗಿಡಗಳಿಗೂ ಹತ್ತುತ್ತದೆ. ದೊಡ್ಡ ಗಿಡಕ್ಕಿಂತ ಹೊಸ ಎಲೆ ಸುರುಳಿ ಬಿಚ್ಚುತ್ತಿರುವ ಸಣ್ಣ ಗಿಡ ಮೇಲು. ತಂದ ದಿನವೇ ಕುಂಡ ಬದಲಿಸಬೇಡಿ, ಹಸಿರು ಬಲೆಯಿಂದ ನಿಮ್ಮ ಹಾಲ್‌ಗೆ ಬಂದ ಗಿಡಕ್ಕೆ ಅದೇ ದೊಡ್ಡ ಬದಲಾವಣೆ. ಎರಡು ಮೂರು ವಾರ ಬೇರೆ ಗಿಡಗಳಿಂದ ದೂರ ಇಟ್ಟು ನೋಡಿ. ಒಂದೆರಡು ಹಳೆಯ ಎಲೆ ಹಳದಿಯಾಗಿ ಉದುರುತ್ತವೆ, ಗಾಬರಿ ಬೇಡ.

ಆಮೇಲೆ ಕುಂಡ ಬದಲಿಸುವಾಗ ಒಂದೆರಡು ಇಂಚು ಮಾತ್ರ ದೊಡ್ಡದು ಸಾಕು, ತಳದಲ್ಲಿ ತೂತು ಇರಲೇಬೇಕು. ಬರೀ ಕೆಮ್ಮಣ್ಣು ಗಟ್ಟಿಯಾಗುತ್ತದೆ, ಬರೀ ನಾರಿನ ಪುಡಿ ನೀರು ಹಿಡಿದಿಡುತ್ತದೆ. ಮಣ್ಣು, ನಾರಿನ ಪುಡಿ, ಎರೆಗೊಬ್ಬರ ಸಮ ಪಾಲು ಬೆರೆಸಿ, ಸ್ನೇಕ್ ಪ್ಲಾಂಟ್, ಝೀಝೀಗಾದರೆ ಇನ್ನೊಂದು ಪಾಲು ದಪ್ಪ ಮರಳು ಸೇರಿಸುತ್ತೇನೆ. ಅಕ್ಕಿ ತೊಳೆದ ನೀರು, ಟೀ ಚರಟ ಒಳಗಿನ ಕುಂಡಕ್ಕೆ ಬೇಡ, ಸಣ್ಣ ಕರಿ ನೊಣ ಏಳುತ್ತವೆ.

ತಂಗಿ ಆ ದಿನ ಎರಡೇ ಗಿಡ ತಂದಳು. ಪಶ್ಚಿಮದ ಕಿಟಕಿಗೆ ಸ್ನೇಕ್ ಪ್ಲಾಂಟ್, ಹಾಲ್‌ನ ಶೋಕೇಸಿನ ಮೇಲೆ ಮಗನ ಕೈಗೆಟುಕದ ಹಾಗೆ ಮನಿ ಪ್ಲಾಂಟ್. ಕ್ಯಾಲಥಿಯಾ ಬಿಟ್ಟುಬರಲು ಮನಸ್ಸಾಗದೆ ಇನ್ನೊಂದು ಸುತ್ತು ಹೋಗಿ ಅದನ್ನೂ ಕೊಂಡಳು, ಕುಂದಾಪುರದ ಅತ್ತೆಯ ಮನೆಗೆ ಎಂದು. ಮೂರನೇ ವಾರ ಫೋನ್ ಬಂತು. "ಅಕ್ಕಾ, ಮನಿ ಪ್ಲಾಂಟಿಗೆ ಇವತ್ತು ನೀರು ಹಾಕ್ಲಾ? ಮೇಲೆ ಮಣ್ಣು ಒಣಗಿದ ಹಾಗಿದೆ."

"ಕುಂಡ ಎತ್ತಿ ನೋಡು."

ಸ್ವಲ್ಪ ಹೊತ್ತು ಮಾತಿಲ್ಲ. "ಭಾರ ಇದೆ ಅಕ್ಕಾ."

"ಹಾಗಾದ್ರೆ ಇನ್ನೂ ನಾಲ್ಕು ದಿನ ಬಿಡು."